ಪರದೆಯ ಹಿಂದಿನ ಕೆಮ್ಮು

ಮನಸ್ಸಿನಲ್ಲಿದ್ದದ್ದೆಲ್ಲ ಮುಖದಲ್ಲಿ ಕಾಣುವವರು ಮೀನಿಗೆ ಚೌಕಾಸಿ ಮಾಡಲು ಹೋಗಬಾರದು, ಹೆಣ್ಣು ನೋಡುವ ಶಾಸ್ತ್ರಕ್ಕೂ ಹೋಗಬಾರದು. ನಾನು ಎರಡಕ್ಕೂ ಹೋಗಿ ಬೈಸಿಕೊಂಡವಳು. ಆದರೆ ಇಂಥ ಮುಖ ಇಟ್ಟುಕೊಂಡು ಪರೀಕ್ಷಕಿಯ ಕುರ್ಚಿಯಲ್ಲಿ ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಹೊಸಂಗಡಿಯಿಂದ ಬಸ್ಸು ಹಿಡಿದು ಹೋಗುವ ನರ್ಸಿಂಗ್ ಕಾಲೇಜಿನಲ್ಲಿ ಹದಿನೆಂಟು ವರ್ಷ ಕಲಿಸಿದ್ದೆ. ನನ್ನ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬಳೂ ಫೇಲಾಗಿರಲಿಲ್ಲ. ಅದು ನನ್ನ ಪಾಠದ ಮಹಿಮೆ ಎಂದು ಮನೆಯಲ್ಲಿ ಕೊಚ್ಚಿಕೊಂಡರೆ ಗಂಡ, “ನಿನ್ನ ಮುಖಕ್ಕೆ ಹೆದರಿ ರೋಗವೇ ಓಡ್ತದೆ, ಮಕ್ಕಳು ಪಾಸಾಗುವುದು ದೊಡ್ಡದಾ?” ಎನ್ನುತ್ತಿದ್ದರು.

ಆಗ ಕಾಲೇಜಿಗೆ ಪ್ಲಾಸ್ಟಿಕ್ ರೋಗಿಯೊಂದು ಬಂತು. ಉಸಿರಾಡುವ, ನಾಡಿ ಬಡಿಯುವ ಬೊಂಬೆ. ಅದನ್ನು ಮಲಗಿಸಿ ವಿದ್ಯಾರ್ಥಿಗಳನ್ನು ಪರೀಕ್ಷಿಸುವುದು ಹೇಗೆಂದು ಅಧ್ಯಾಪಕರಿಗೆ ಕಲಿಸಲು ಬೀನಾ ಟೀಚರ್ ಬಂದರು. ನನಗಿಂತ ಚಿಕ್ಕವರು, ನಗು ಕಡಿಮೆ. ಪರೀಕ್ಷಕರು ಪರದೆಯ ಹಿಂದೆ ಕೂತು ಸಂದಿಯಿಂದ ನೋಡಬೇಕು, ತುಟಿ ಬಿಚ್ಚಬಾರದು ಎಂಬುದು ಅವರ ಮೊದಲ ನಿಯಮ. ಇದರಲ್ಲಿ ಪಾಸಾದವರನ್ನು ಮಾತ್ರ ವಾರ್ಡಿಗೆ ಕಳಿಸುವುದೆಂದು ಕಾಲೇಜೂ ತೀರ್ಮಾನಿಸಿತು.

ಮೊದಲು ಬಂದವಳು ಶಿರಿಯದ ಪ್ರಮೀಳಾ, ನನ್ನ ಮೆಚ್ಚಿನ ಹುಡುಗಿ. ಡ್ರಿಪ್ಪಿನಲ್ಲಿ ಹೋಗುತ್ತಿದ್ದ ಔಷಧಿ ಒಗ್ಗದೆ ಬೊಂಬೆ ಏದುಸಿರು ಬಿಡತೊಡಗಿತು. ಮೊದಲು ಡ್ರಿಪ್ ನಿಲ್ಲಿಸಬೇಕು. ಅವಳು ನಾನು ಮೊದಲೆಲ್ಲ ಕೂರುತ್ತಿದ್ದ, ಈಗ ಖಾಲಿಯಾಗಿದ್ದ ಕುರ್ಚಿಯ ಕಡೆ ತಿರುಗಿ ನಿಂತೇ ಬಿಟ್ಟಳು. ಬೊಂಬೆಯ ನಾಡಿ ನಿಂತಿತು.

“ಎಂತಾಯ್ತು ಮಾರಾಯ್ತಿ? ನಿನಗೆ ಎಲ್ಲ ಗೊತ್ತುಂಟಲ್ಲ?” ಎಂದು ಆಮೇಲೆ ಕೇಳಿದೆ.

“ನಿಮ್ಮ ಮುಖ ಕಾಣ್ಲಿಲ್ಲ ಟೀಚರ್. ನಾವು ತಪ್ಪಿದ್ರೆ ನಿಮ್ಮ ಎಡ ಹುಬ್ಬು ಮೇಲೆ ಹೋಗ್ತದೆ, ಸರಿಯಾದ್ರೆ ಎರಡೂ ಇಳೀತದೆ. ಸೀನಿಯರ್ಸ್ ಹೇಳಿಕೊಟ್ಟಿದ್ದಾರೆ.”

ಇಷ್ಟು ವರ್ಷದ ಹುಡುಗಿಯರೆಲ್ಲ ನನ್ನ ಹುಬ್ಬು ಓದಿ ಪಾಸಾಗಿದ್ದರು! ಈಗ ಅವರು ಮಂಗಳೂರಿನಿಂದ ದುಬೈವರೆಗೆ ನಿಜವಾದ ರೋಗಿಗಳ ಪಕ್ಕದಲ್ಲಿ ನಿಂತಿದ್ದಾರೆ, ಅಲ್ಲಿ ನಾನಿಲ್ಲ ಎಂದು ಹೊಳೆದಾಗ ಹೆದರಿಕೆಯಾಯಿತು.

ಎರಡು ವಾರ ಪ್ರಮೀಳಾಳಿಗೆ ಬೆನ್ನು ಹಾಕಿ ಕೂತು ಕಲಿಸಿದೆ. ಮರುಪರೀಕ್ಷೆಯ ದಿನ ಪರದೆಯ ಹಿಂದೆ, ಬೀನಾ ಟೀಚರ್ ಪಕ್ಕದಲ್ಲಿ, ಅಂಕಪಟ್ಟಿ ಹಿಡಿದು ಕೂತೆ. ಬೊಂಬೆ ಏದುಸಿರು ಬಿಟ್ಟಿತು. ಪ್ರಮೀಳಾ ಒಂದು ಗಳಿಗೆ ಸುಮ್ಮನೆ ನಿಂತಳು. ಮತ್ತೆ ಮರೆತಳೆಂದುಕೊಂಡು ನಾನು ಕೆಮ್ಮಿಬಿಟ್ಟೆ. ತಾನಾಗಿ ಬಂದ ಕೆಮ್ಮಲ್ಲ, ನಾನೇ ತರಿಸಿಕೊಂಡದ್ದು. ಮರುಕ್ಷಣ ಅವಳು ಡ್ರಿಪ್ ನಿಲ್ಲಿಸಿದಳು, ಸಹಾಯಕ್ಕೆ ಕೂಗಿದಳು, ಉಳಿದದ್ದನ್ನೂ ಒಂದೂ ತಪ್ಪದೆ ಮಾಡಿದಳು.

ಬೀನಾ ಟೀಚರ್ ಪೆನ್ನು ಮುಚ್ಚಿದರು. ಈ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಹುಡುಗಿ ಮೂರನೆಯ ಸಲ ಬರಬೇಕು, ತರಬೇತಿಗೆ ನೀವೂ ಇನ್ನೊಮ್ಮೆ ಬರಬೇಕು ಎಂದರು.

ಪ್ರಮೀಳಾ ಅಳಲಿಲ್ಲ. “ನೀವು ಕೆಮ್ಮುವ ಮೊದಲೇ ನನ್ನ ಕೈ ಡ್ರಿಪ್ಪಿನ ಮೇಲೆ ಇತ್ತು ಟೀಚರ್. ನೀವು ನೋಡ್ಲಿಲ್ವಾ?” ಎಂದಳು.

ನೋಡಿರಲಿಲ್ಲ. ಅಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಅವಳ ಮುಖವನ್ನು.