ಮಾವನ ಹೆಡ್‌ಫೋನಿಗೊಂದು ಹೂಂ

ನಮ್ಮ ಸೋದರಮಾವನಂತೆ ಅನುಕೂಲಕ್ಕೆ ತಕ್ಕಷ್ಟೇ ಕಿವುಡಾಗುವವರನ್ನು ಮೊಳಕಾಲ್ಮೂರು ಕಂಡಿರಲಾರದು. ಮಗ್ಗದಲ್ಲಿ ಕೂತು "ಜೋರಾಗಿ ಹೇಳ್ರಪ್ಪ, ನಂಗೆ ಕೇಳ್ಸಲ್ಲ" ಅನ್ನುತ್ತಾರೆ. ಬೀದಿ ತುದಿಯ ಅಂಗಡಿಯಲ್ಲಿ ಮಿರ್ಚಿ ಬಾಣಲೆಗೆ ಬಿದ್ದರೆ ಮಾತ್ರ ಕೇಳಿಸುತ್ತದೆ! ಇಂಥವರಿಗೆ ಏನನ್ನಬೇಕು?

ಅವರ ಕಿವಿ ಹೋಗುವ ಮೊದಲು ಆ ಮನೆಗೆ ಬಂದದ್ದು ನಾನು ಚಳ್ಳಕೆರೆಯಿಂದ ಒಯ್ದ ವೈರ್‌ಲೆಸ್ ಹೆಡ್‌ಫೋನು. ಮಾವನ ಫೋನಿಗೂ ಅತ್ತೆಯ ಫೋನಿಗೂ ಜೋಡಿಸಿ, "ಯಾವ ಫೋನು ಮಾತಾಡ್ತೈತೋ ಅತ್ಲಾಗೆ ತಾನೇ ಹೋಗ್ತೈತೆ" ಎಂದು ಜಂಬದಿಂದ ಹೇಳಿ ಬಂದೆ. ಹೋಗಿದ್ದೂ ಹೋಯಿತು. ಮಾವ ಅದನ್ನು ಹಾಕಿಕೊಂಡು ಭಜನೆ ಕೇಳುತ್ತಿದ್ದಾಗ ಅಡುಗೆಮನೆಯಲ್ಲಿದ್ದ ಅತ್ತೆಗೆ ರಾಂಪುರದ ತಂಗಿಯ ಫೋನು ಬಂತು. ಅತ್ತೆ ಎತ್ತಿದರು, ಮಾತು ಮಾವನ ಕಿವಿಗೆ ಬಿತ್ತು.

"ಅಕ್ಕಾ, ಭಾವ ಇನ್ನೂ ಹಂಗೇ ಅದಾರಾ?"

"ಹಂಗೇ ಅದೀನಮ್ಮ," ಎಂದರು ಮಾವ.

ಆ ತಂಗಿ ಆಮೇಲೆ ಬಹಳ ದಿನ ಫೋನು ಮಾಡಲಿಲ್ಲ.

ಇನ್ನೊಂದು ಹೆಡ್‌ಫೋನು ತರುತ್ತೇನೆಂದರೆ ಮಾವ ಸುತರಾಂ ಒಪ್ಪಲಿಲ್ಲ. ಬದಲಿಗೆ ಮಗ್ಗದ ಕಾನೂನು ತಂದರು. ರೇಷ್ಮೆ ಸೀರೆಗೆ ಬೇರೆ ಬಣ್ಣದ ಅಂಚು ಕೂಡಿಸಲು ಅವರ ಮನೆಯಲ್ಲಿ ಇಬ್ಬರು ಕೂರುತ್ತಾರೆ. ನೇಯುವವರು "ಹೂಂ" ಎಂದರೆ, ಪಕ್ಕದಲ್ಲಿರುವವರು "ಹೂಂ" ಎಂದು ಅಂಚಿನ ಲಾಳಿ ಎಸೆಯಬೇಕು. ಪಕ್ಕದ ಆ ಜಾಗ ಮದುವೆಯಾದಾಗಿನಿಂದ ಅತ್ತೆಯದು. ಹೆಡ್‌ಫೋನಿಗೂ ಅದೇ ಕಾನೂನಾಯಿತು: ಫೋನು ಮುಟ್ಟುವವರು "ಹೂಂ" ಅನ್ನಬೇಕು, ಹಾಕಿಕೊಂಡವರು "ಹೂಂ" ಎಂದ ಮೇಲೇ ಒತ್ತಬೇಕು. ಕಿವಿ ಮುಚ್ಚಿಕೊಂಡವರಿಗೆ ಹೂಂ ಹೇಗೆ ಕೇಳಬೇಕು ಅನ್ನುತ್ತೀರಾ? ನಾನೂ ಅದನ್ನೇ ಕೇಳಿದೆ.

"ಕೂಗ್ಬೇಕು," ಎಂದರು.

ಅಷ್ಟರಲ್ಲಿ ಮಾವ ಕಿವುಡರಾದರು. ಮನೆಗೆ ಬಂದವರೆಲ್ಲ ಕೂಗಿ ಮಾತಾಡತೊಡಗಿದರು. "ನಂಗೆ ಹಿಂಗಾಗಿದ್ರೆ ಮಗ್ಗ ಬಿಟ್ಟು ಏಳ್ತಿದ್ದೆ. ಕಿವಿ ಕೇಳ್ದೋರು ಕೂತ್ರೆ ಸೀರೆ ಕೆಡ್ತೈತೆ," ಎಂದು ಅತ್ತೆ ಛೇಡಿಸುತ್ತಿದ್ದರು. ಮಾವ ತಲೆ ಬಗ್ಗಿಸಿ ನೂಲು ನೋಡುತ್ತಿದ್ದರು.

ಮೊನ್ನೆ ಹೋದಾಗ ಅತ್ತೆ ಧಾರಾವಾಹಿ ಮುಗಿಸಿ, ಹೆಡ್‌ಫೋನು ಇಟ್ಟು ಒಳಗೆ ಹೋದರು. ನಾನು ಹಾಕಿಕೊಂಡು ಮಾವನ ಫೋನಿನಲ್ಲಿ ಹಾಡು ಹಚ್ಚಿದೆ. ಕಿವಿ ಹರಿದುಹೋಗುವಷ್ಟು ಜೋರು. ಕಿತ್ತು ಮಡಿಲಿಗೆ ಹಾಕಿಕೊಂಡೆ. ಅತ್ತೆ ಏರಿಸಿಟ್ಟ ದನಿ ಹಾಗೇ ಇತ್ತು.

"ದಿನಾ ಒಂಚೂರು ಏರ್ತೈತೆ," ಮಾವ ಮೆಲ್ಲಗೆ ಹೇಳಿದರು. "ಎರಡು ಹೆಡ್‌ಫೋನಾದ್ರೆ ಅವಳ ಕಿವಿ ಎಷ್ಟು ಹೋಗೈತೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಅವಳಿಗೆ ಹೇಳ್ಬ್ಯಾಡ. ಗೊತ್ತಾದ್ರೆ ಮಗ್ಗ ಬಿಟ್ಟು ಎದ್ದುಬಿಡ್ತಾಳೆ."

"ಡಾಕ್ಟ್ರಿಗೆ ತೋರಿಸ್ಬೇಕಲ್ಲ ಮಾವ?"

"ನನ್ ಕಿವಿ ತೋರ್ಸಕ್ಕೆ ಅಂತ ಬಳ್ಳಾರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಅವಳ್ದೂ ನೋಡ್ತಾರೆ." ಮಗ್ಗದ ಕಡೆ ನೋಡಿದರು. "ಅವಳು ಪಕ್ಕದಾಗೆ ಇಲ್ದಿದ್ರೆ ನಂಗೆ ನೇಯಕ್ಕೆ ಬರಲ್ಲ ಕಣೋ."

ಕಿವುಡರೆಂದು ಇಷ್ಟು ದಿನ ನಗಾಡಿದ್ದೆಲ್ಲ ನೆನಪಾಯಿತು.

ಹೊರಡುವಾಗ ಮಾವನ ಮುಖವನ್ನೇ ನೋಡುತ್ತಾ, ಬೀದಿಗೆಲ್ಲ ಕೇಳುವಂತೆ ಕೂಗಿದೆ: "ಮಾವಾ, ಬರ್ತೀನಿ!"

ಒಳಗಿನಿಂದ ಅತ್ತೆ "ಹೂಂ" ಎಂದರು.