ಸುಣ್ಣದ ಓಣಿಯಲ್ಲಿ ಸಿಕ್ಕಿಬಿದ್ದ ಕಾರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕಾರನ್ನು ಅಲ್ಲಿ ತಂದು ನಿಲ್ಲಿಸಿದವನು ನಾನೇ. ಅದರ ಸುತ್ತ ಒಂದು ಓಣಿಯನ್ನು ಬರೆದು ಅದನ್ನು ಒಳಗೆ ಸಿಕ್ಕಿಸಿದವನೂ ನಾನೇ. ಬರೆಯುವಾಗ ಕಾರು ಕಣ್ಣಿಗೆ ಬೀಳಲಿಲ್ಲ ಎನ್ನುವ ಹಾಗಿಲ್ಲ, ಅದರ ಬಣ್ಣ ಟೊಮೆಟೊ ಕೆಂಪು. ಕನ್ನಡಕ ಹಣೆಯ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವ ಹಿರಿಯರನ್ನು ಅಣಕಿಸಿ ಮದುವೆ ಮನೆಗಳಲ್ಲಿ ಜನರನ್ನು ನಗಿಸುತ್ತ ಬೆಳೆದವನು ನಾನು. ಅಂಥ ನಾನು ಕಾರಿಗೆ ಬೆನ್ನು ಒರಗಿಸಿ ನಿಂತು, ಕಾರೇ ಇಲ್ಲದ ಊರಿನ ಕನಸು ಕಾಣುತ್ತಿದ್ದೆ.

ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಶಾಲಿನಿ ಮೇಡಂ ಅವರ ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ನಕ್ಷೆ ಬರೆಯುವುದು. ಕೆಲಸವಿಲ್ಲದಾಗ ಮೇಡಂ ಅವರನ್ನೇ ಅಣಕಿಸುವುದು. ಅವರು ‘ಇಲ್ಲ’ ಎನ್ನುವ ಮೊದಲು ಕನ್ನಡಕ ತೆಗೆದು, ಉಫ್ ಎಂದು ಊದಿ, ಒರೆಸಿ, ಹಾಕಿಕೊಂಡು ಆಮೇಲೆ ‘ಇಲ್ಲ’ ಎನ್ನುತ್ತಾರೆ. ನಾನು ಅಣಕಿಸುವಾಗ ಊದುವುದನ್ನು ಒಂದು ಸಲ ಹೆಚ್ಚು ಮಾಡುತ್ತೇನೆ, ಅಷ್ಟೇ. ಅವರಿಗೂ ಇದು ಗೊತ್ತು. ‘ನನ್ನ ದನಿ ಛಲೋ ತೆಗೀತಿ, ನಾ ಹಾಕೋ ಗೆರಿ ಯಾವಾಗ ತೆಗೀತಿ?’ ಎಂದು ಒಮ್ಮೆ ಕೇಳಿದ್ದರು.

ನಮ್ಮ ಪೇಟೆಯ ನಟ್ಟನಡುವೆ ಒಂದು ದೊಡ್ಡ ಬಯಲಿದೆ. ಮಧ್ಯದಲ್ಲಿ ಒಂದೇ ಬೇವಿನ ಮರ, ಸುತ್ತಲೂ ಅಂಗಡಿಗಳು, ನಡುವೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಕಾಯುವ ಕಾರುಗಳು. ಊರಿನಲ್ಲಿ ಮನುಷ್ಯರಿಗೆ ಜಾಗವಿಲ್ಲ ಎಂದು ಎಲ್ಲರೂ ಹೊರಗೆ ಹೊರಗೆ ಮನೆ ಕಟ್ಟಿಕೊಂಡು ಹೋದರು. ಅಲ್ಲಿಂದ ಪೇಟೆಗೆ ಬರಲು ಕಾರು ಕೊಂಡರು. ಆ ಕಾರುಗಳು ಬಂದು ಮನುಷ್ಯರಿರಬಹುದಾಗಿದ್ದ ಜಾಗದಲ್ಲಿ ನಿಂತವು. ಇದನ್ನು ನಾನು ಎಷ್ಟೋ ಮಧ್ಯಾಹ್ನ ಕಚೇರಿಯ ಕಿಟಕಿಯಿಂದ ನೋಡುತ್ತ ಕೂತಿದ್ದೇನೆ. ನೋಡುತ್ತ ನೋಡುತ್ತ ಕಾರುಗಳು ಕರಗಿ, ಅಲ್ಲೊಂದು ಓಣಿ ಏಳುತ್ತಿತ್ತು. ಕೆಳಗೆ ಅಂಗಡಿ, ಮೇಲೆ ಎರಡು ಮೂರು ಅಂತಸ್ತು ಮನೆ, ಮನೆಯ ಮುಂದೆ ಕಟ್ಟೆ. ಮೇಲಿನ ಕಿಟಕಿಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿ, ಅದರಲ್ಲಿ ಮೆಂತ್ಯದ ಸೂಡು ಮೇಲೇರುತ್ತದೆ. ಕಟ್ಟೆಯ ಮೇಲೆ ಇಬ್ಬರು ಹುಡುಗಿಯರು ಪರೀಕ್ಷೆಗೆ ಓದುತ್ತ ಓದುತ್ತ ಬೇರೇನೋ ಮಾತಾಡುತ್ತಿದ್ದಾರೆ. ಮೂಲೆಯ ಮನೆಯ ಮೇಲೊಂದು ಸಣ್ಣ ಕೋಣೆ, ಅದು ನನ್ನದು. ಅಲ್ಲಿಂದ ಕಚೇರಿಗೆ ನಾನು ನಡೆದು ಹೋಗುತ್ತೇನೆ, ಒಗ್ಗರಣೆಯ ವಾಸನೆಗಳನ್ನು ಒಂದೊಂದಾಗಿ ದಾಟುತ್ತ. ಅಷ್ಟರಲ್ಲಿ ಮೇಡಂ ಹಿಂದಿನಿಂದ ಕೆಮ್ಮುತ್ತಿದ್ದರು. ಓಣಿ ಮಾಯವಾಗಿ ಕಾರುಗಳು ವಾಪಸು ಬರುತ್ತಿದ್ದವು.

ನಡೆಯುವುದು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಧಾರವಾಡದವರಿಗೆ ನಡಿಗೆ ಎಂದರೆ ಒಂದು ಸಂಸ್ಕಾರ. ಗಿಡದ ನೆರಳು ಹಿಡಿದು ಅರ್ಧ ಮಾತು ನಡೆಯುತ್ತ ಆಡುತ್ತಾರೆ, ಉಳಿದರ್ಧ ಮಾತಿಗೆ ನಿಲ್ಲುತ್ತಾರೆ, ಮನೆ ಬರುವುದು ಮಾತು ಮುಗಿದ ಮೇಲೆ. ನಮ್ಮ ಹುಬ್ಬಳ್ಳಿಯವರಿಗೆ ನಡೆಯುವುದೆಂದರೆ ಗಾಡಿ ಕೆಟ್ಟಿದೆ ಎಂದರ್ಥ. ನಾನು ಗೋಪನಕೊಪ್ಪದ ನಮ್ಮ ಬೀದಿಯಲ್ಲಿ ಕಾಲ್ನಡಿಗೆಯಲ್ಲಿ ಕಂಡರೆ ಎದುರುಮನೆಯ ಕಾಕಾ ಮರುಕದಿಂದ ‘ಯಾಕೋ, ಪಂಕ್ಚರ್ ಆತೇನು?’ ಎನ್ನುತ್ತಾರೆ. ಕರಿಬೇವು ತರಲು ಸ್ಕೂಟರ್ ಒದೆಯುವ ಜನ ನಾವು. ನಾನಂತೂ ಒಮ್ಮೆ ಕರಿಬೇವಿಗೆ ಹೋಗಿ, ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಲು ಜಾಗ ಸಿಗದೆ ಮನೆಗೇ ವಾಪಸು ತಂದು ನಿಲ್ಲಿಸಿ, ಅಲ್ಲಿಂದ ನಡೆದು ಹೋಗಿ ತಂದಿದ್ದೆ.

ಇರಲಿ. ಆ ಬಯಲಿನಲ್ಲಿ ಅಂಥದೊಂದು ಓಣಿ ಕಟ್ಟುವ ಯೋಜನೆ ಮೇಡಂ ಅವರ ಕೈಗೆ ಬಂತು. ಆದರೆ ಒಂದು ಕೊಕ್ಕೆ ಇತ್ತು. ಸುತ್ತಲಿನ ಅಂಗಡಿಕಾರರು ಒಪ್ಪಿ ಸಹಿ ಹಾಕಿದರೆ ಓಣಿ, ಇಲ್ಲದಿದ್ದರೆ ಹೊಸ ಡಾಂಬರು ಹಾಕಿ ಅದೇ ಪಾರ್ಕಿಂಗ್. ಅಂಗಡಿಕಾರರ ಮುಖಂಡರು ಸೀರೆ ಅಂಗಡಿಯ ಈರಪ್ಪಣ್ಣ. ಅವರು ಒಪ್ಪಿದರೆ ಉಳಿದವರೆಲ್ಲ ಒಪ್ಪಿದಂತೆ. ಕಾಗದದ ನಕ್ಷೆ ತೋರಿಸಿದರೆ ಅವರು ಅದನ್ನು ಸೀರೆ ಮಡಚುವ ಹಾಗೆ ಚೆಂದವಾಗಿ ಮಡಚಿ ವಾಪಸು ಕೊಟ್ಟರು. ‘ಗಾಡಿ ನಿಲ್ಸಾಕ ಜಾಗಾ ಇಲ್ಲಂದ್ರ ಗಿರಾಕಿ ಹೆಂಗ ಬರ್ತಾನ್ರಿ? ಹಾರಿ ಬರ್ತಾನೇನು?’ ಎಂದರು. ಆಗ ಮೇಡಂ ಒಂದು ಉಪಾಯ ಹೂಡಿದರು. ಒಂದು ಭಾನುವಾರ ಬಯಲನ್ನು ಖಾಲಿ ಮಾಡಿಸಿ, ಬುನಾದಿ ತೋಡುವ ಮೊದಲು ಹಾಕುತ್ತಾರಲ್ಲ, ಹಾಗೆ ಸುಣ್ಣದ ಪುಡಿಯಲ್ಲಿ ಇಡೀ ಓಣಿಯನ್ನು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಹಾಕುವುದು. ಜನ ಬಂದು ಒಳಗೆ ಅಡ್ಡಾಡಿ ನೋಡಲಿ. ಸಂಜೆ ಐದಕ್ಕೆ ಈರಪ್ಪಣ್ಣ ಬಂದು ತಮ್ಮ ಮಾತು ಹೇಳಲಿ.

ಗೆರೆ ಹಾಕುವುದು ನನ್ನ ಪಾಲಿಗೆ, ಹಾಕಿಸುವುದು ಮಾಬುಸಾಬ ಮೇಸ್ತ್ರಿಯ ಪಾಲಿಗೆ. ಸುಣ್ಣದ ಚೀಲಗಳನ್ನು ತರಲೆಂದು ನಾನು ಬೆಳಿಗ್ಗೆಯೇ ಕಾರು ತಂದೆ. ಸುಣ್ಣದ ಅಂಗಡಿ ಬಯಲಿನಿಂದ ಎರಡು ಓಣಿ ಆಚೆ, ಕೈಗಾಡಿಯವರು ಬೇಕಾದಷ್ಟಿದ್ದರು. ಆದರೂ ತಂದೆ. ತಂದು ಬೇವಿನ ಮರದ ಕೆಳಗೆ, ನೆರಳಿನಲ್ಲಿ ನಿಲ್ಲಿಸಿದೆ. ನಕ್ಷೆಯ ನಡುವಿನ ಗೂಟ ಮರದ ಬುಡದಲ್ಲೇ ಇತ್ತು. ಅಲ್ಲಿಂದ ದಾರ ಹಿಡಿದು ಹೊರಹೊರಕ್ಕೆ ಬರೆಯುತ್ತ ಹೋದೆವು. ಮರದ ಸುತ್ತ ಒಂದು ಅಂಗಳ, ಅಂಗಳಕ್ಕೆ ನಾಲ್ಕು ಓಣಿ, ಪ್ರತಿ ಓಣಿಯೂ ಆರಡಿ ಅಗಲ, ಅದರಲ್ಲೂ ಅಲ್ಲಲ್ಲಿ ಕಟ್ಟೆ. ಮಾಬುಸಾಬರದು ಒಂದು ಕಟ್ಟುನಿಟ್ಟು. ‘ಸುಣ್ಣಾ ಬಿತ್ತಂದ್ರ ಗ್ವಾಡಿ ಎದ್ದಂಗ ಸಾಹೇಬ್ರ. ಬಾಗಲಾ ಬಿಟ್ಟು ಗ್ವಾಡಿ ದಾಟಿದಾಂವ ಒಂದೋ ಕಳ್ಳ, ಇಲ್ಲಾ ಬೆಕ್ಕು.’ ಹನ್ನೊಂದರ ಹೊತ್ತಿಗೆ ಓಣಿ ಮುಗಿಯಿತು. ಗೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಕಾರಿಗೆ ಒರಗಿ ನಿಂತು ನನ್ನ ಮೂಲೆ ಕೋಣೆಯನ್ನು ಹುಡುಕುತ್ತಿದ್ದೆ. ಎಂಥ ಚೆಂದದ ಊರು, ಒಂದು ಕಾರೂ ಒಳಗೆ ಬರುವ ಹಾಗಿಲ್ಲ ಎಂದುಕೊಂಡೆ. ಬರುವ ಹಾಗಿಲ್ಲದ್ದು ಹೋಗುವ ಹಾಗೂ ಇಲ್ಲ ಎಂಬ ಇನ್ನರ್ಧ ತಲೆಗೆ ಹೊಳೆಯಲಿಲ್ಲ.

ಜನ ಬಂದರು. ಮೊದಲು ಗೆರೆಯ ಆಚೆ ನಿಂತು ನಕ್ಕರು. ಒಬ್ಬ ಗೋಡೆ ದಾಟಲು ಕಾಲೆತ್ತಿದ; ಮಾಬುಸಾಬ ‘ಮ್ಯಾಂವ್’ ಎಂದರು. ಅವನು ನಾಚಿ ಬಾಗಿಲಿಗೆ ಸುತ್ತಿಬಂದ. ಅಲ್ಲಿಂದ ಆಟ ಆಟವಾಗಿ ಉಳಿಯಲಿಲ್ಲ. ಯಾರೋ ಬಾಗಿಲಲ್ಲಿ ನಿಂತು ‘ಅದಾರೇನ್ರಿ ಮನ್ಯಾಗ?’ ಎಂದು ಕೇಳಿದರು. ಒಳಗಿದ್ದವರು ‘ಬರ್ರಿ ಬರ್ರಿ’ ಎಂದರು. ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ಓಣಿಗೆ ಸದ್ದು ತುಂಬತೊಡಗಿದೆ. ಒಂದು ಮನೆಯಲ್ಲಿ ತೊಡೆ ತಟ್ಟಿ ರೊಟ್ಟಿ ಬಡಿದೆ. ಮೇಲಂತಸ್ತಿನಿಂದ ಮೊಮ್ಮಗನನ್ನು ಕೂಗುವ ಅಜ್ಜನಾದೆ, ಅಂಗಳದಲ್ಲಿ ಸೊಪ್ಪು ಮಾರುವವಳಾದೆ. ಜನ ಕಣ್ಣು ಮುಚ್ಚಿಕೊಂಡು ನಿಂತು ಕೇಳಿದರು. ಒಂದು ಗಳಿಗೆ, ನಿಜ ಹೇಳುತ್ತೇನೆ, ನಾನು ಬಾಯಿ ಮುಚ್ಚಿದ ಮೇಲೂ ರೊಟ್ಟಿಯ ಸದ್ದು ಕೇಳುತ್ತಲೇ ಇತ್ತು.

ಅಂಗಳಕ್ಕೂ ರಸ್ತೆಗೂ ನಡುವೆ ಇರುವ ಮನೆಯ ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಆಗಲೇ ಕೂತಿದ್ದರು. ಪಕ್ಕದ ಅಂಗಡಿಯಿಂದ ಮಣೆ ತರಿಸಿಕೊಂಡಿದ್ದರು. ಹೆಸರು ಗೌರವ್ವ, ಈರಪ್ಪಣ್ಣನವರ ತಾಯಿ. ನಾನು ಅವರ ಅಡುಗೆಮನೆಗೆಂದು ಕುಕ್ಕರಿನ ಸೀಟಿ ಹೊಡೆದೆ. ಮೂರನೆಯದಕ್ಕೆ ಅವರು ಕೈಯೆತ್ತಿ, ‘ಸಾಕು, ಬ್ಯಾಳಿ ಕರಗಿ ಹೋದೀತು’ ಎಂದು ಗಾಳಿಯಲ್ಲಿ ಒಲೆ ಆರಿಸಿದರು. ಮಗ ಊರ ಹೊರಗೆ ದೊಡ್ಡ ಮನೆ ಕಟ್ಟಿಸಿ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದಾರೆ. ‘ಮನಿ ಛಲೋ ಐತಿ ತಮ್ಮಾ,’ ಎಂದರು ಗೌರವ್ವ. ‘ಆದ್ರ ಸಾಸಿವಿ ಮುಗದ್ರ ಕೇಳಾಕ ಬಾಜೂ ಮನಿ ಇಲ್ಲ. ಗಾಡಿ ತಗದು ಸಾಸಿವಿ ತರ್ತಾರ. ನನಗ ಬೇಕಾಗಿದ್ದು ಸಾಸಿವಿ ಅಲ್ಲಲ್ಲ.’ ಇದಕ್ಕೆ ಯಾವ ದನಿಯಲ್ಲಿ ಉತ್ತರ ಕೊಡಬೇಕೆಂದು ನನಗೆ ತಿಳಿಯಲಿಲ್ಲ. ನನ್ನ ದನಿಯಲ್ಲೇ ‘ಹೌದ್ರಿ’ ಎಂದೆ. ಮಧ್ಯಾಹ್ನವೆಲ್ಲ ಅವರು ಅಲ್ಲೇ ಇದ್ದರು. ಎಡಗಡೆಯ ಗೋಡೆಯಾಚೆ ಬಂದು ಕೂತ ಯಾರೋ ಅಪರಿಚಿತ ಹೆಂಗಸಿನ ಜೊತೆ ಇಲ್ಲದ ಕಿಟಕಿಯಲ್ಲಿ ಮಾತಾಡುತ್ತಿದ್ದರು.

ಐದಕ್ಕೆ ಈರಪ್ಪಣ್ಣ ನಾಲ್ಕಾರು ಅಂಗಡಿಕಾರರೊಂದಿಗೆ ಬಂದರು. ಓಣಿಯಲ್ಲಿ ಸಾವಕಾಶ ನಡೆದರು, ಬಾಗಿಲು ಬಿಟ್ಟು ಎಲ್ಲೂ ದಾಟಲಿಲ್ಲ. ನನ್ನ ಎದೆ ಹಗುರಾಯಿತು. ಆಗ ಅಂಗಳ ಬಂತು. ಅಂಗಳದಲ್ಲಿ, ಬೇವಿನ ಮರದ ಕೆಳಗೆ, ನಾಲ್ಕೂ ಕಡೆ ಓಣಿಗಳು ಮುತ್ತಿಕೊಂಡ ನನ್ನ ಕೆಂಪು ಕಾರು.

‘ಇದು ಯಾರ ಗಾಡಿ?’

ಮೇಡಂ ಕನ್ನಡಕ ತೆಗೆದರು. ಮಾಬುಸಾಬ ಸುಣ್ಣದ ಡಬ್ಬಿಯಿಂದ ನನ್ನತ್ತ ತೋರಿಸಿದರು. ಈರಪ್ಪಣ್ಣ ಕಾರಿಗೆ ಒಂದು ಸುತ್ತು ಬಂದು ನಕ್ಕರು. ‘ನೋಡ್ರಿ ಮೇಡಂ, ನಿಮ್ಮ ಹುಡುಗಾನೇ ಗಾಡಿ ಬಿಟ್ಟು ಬರಾಕ ತಯಾರಿಲ್ಲ, ನನ್ನ ಗಿರಾಕಿ ಬರ್ತಾರೇನು? ಇದ ನನ್ನ ಉತ್ತರಾ ಆತು. ತಮ್ಮಾ, ಗಾಡಿ ಹತ್ತು. ಗೆರಿ ಮ್ಯಾಲೆ ಹಾಯ್ಸಿ ಹೊರಗ ತಗಿ. ನಾಳಿಂದ ಇದು ಪಾರ್ಕಿಂಗ.’

ಮೇಡಂ ಕನ್ನಡಕ ಊದಿದರು, ಒರೆಸಿದರು, ಹಾಕಿಕೊಂಡರು, ‘ಇಲ್ಲ’ ಎನ್ನಲಿಲ್ಲ. ಏನೆಂದಾರು? ಈರಪ್ಪಣ್ಣ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಿಟಕಿಯಲ್ಲಿ ಕೂತು ನಾನು ಕಟ್ಟಿದ್ದ ಓಣಿಯನ್ನು ಕೆಡವುವ ಕೆಲಸವೂ ನನಗೇ ಬಂದಿತ್ತು. ವೀರನಾಗಿದ್ದರೆ ಕೀಲಿಕೈ ಎಸೆಯುತ್ತಿದ್ದೆ. ನಾನು ಹೋಗಿ ಕಾರಿನಲ್ಲಿ ಕೂತು, ಬೆಲ್ಟ್ ಕೂಡ ಹಾಕಿಕೊಂಡೆ. ನೇರ ಹೋದರೆ ಎದುರು ಮನೆಯ ಪಡಸಾಲೆ, ಅದರ ಹಿಂದೆ ಗೌರವ್ವ ಕೂತಿದ್ದ ಅಡುಗೆಮನೆ, ಅದರಾಚೆ ರಸ್ತೆ. ಎಂಜಿನ್ ಶುರು ಮಾಡಿದೆ. ಗೌರವ್ವ ಮಣೆಯಿಂದ ಏಳಲಿಲ್ಲ.

‘ಅವ್ವಾ, ಏಳು, ಗಾಡಿ ಬರಾಕತ್ತೈತಿ’ ಎಂದರು ಈರಪ್ಪಣ್ಣ.

ಗೌರವ್ವ ಮಗನತ್ತ ನೋಡಲೂ ಇಲ್ಲ. ಬಸ್ಸು ನಿಲ್ಲಿಸುವ ಹಾಗೆ ನನ್ನ ಕಾರಿಗೆ ಕೈ ಅಡ್ಡ ಹಿಡಿದು ಒಂದು ಮಾತು ಹೇಳಿದರು. ಈರಪ್ಪಣ್ಣ ತಾಯಿಯ ಮುಖ ನೋಡಿದರು, ಸುಣ್ಣದ ಗೆರೆ ನೋಡಿದರು, ಸುತ್ತು ಹಾಕಿ ಬಾಗಿಲಿನಿಂದ ಒಳಗೆ ಹೋಗಿ ತಾಯಿಯ ಪಕ್ಕ ಕೂತು, ‘ಎಲ್ಲಿ ಐತ್ರಿ ಆ ಕಾಗದಾ?’ ಎಂದು ಕೇಳಿ ಸಹಿ ಹಾಕಿದರು. ನಾನು ಎಂಜಿನ್ ಆರಿಸಿ ಬಸ್ ಹಿಡಿದೆ. ಬುಧವಾರ ಮಳೆ ಬಂದು ಓಣಿ ಪೂರ್ತಿ ತೊಳೆದುಹೋಗುವವರೆಗೆ ಕಾರು ಅಲ್ಲೇ ಇತ್ತು. ಅದನ್ನು ಹೊರಗೆ ತರುವಾಗಲೂ, ಇಲ್ಲದ ಗೋಡೆಗೆ ತಾಗೀತೆಂದು ಎರಡೂ ಕಡೆಯ ಕನ್ನಡಿ ಮಡಚಿಕೊಂಡೆ.

ಆ ಮಾತನ್ನು ಗೌರವ್ವನ ದನಿಯಲ್ಲಿ ಎಷ್ಟೋ ಸಲ ಆಡಿ ತೋರಿಸಿದ್ದೇನೆ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಪ್ರತಿಸಲವೂ ಬೆಲ್ಟ್ ಹಾಕಿಕೊಂಡು ಸ್ಟೇರಿಂಗ್ ಹಿಡಿದು ಕೂತ ಹಾಗಾಗುತ್ತದೆ. ಅವರು ಹೇಳಿದ್ದು ಇಷ್ಟೇ:

‘ತಮ್ಮಾ, ಚಪ್ಪಲಿ ಹಾಕ್ಕೊಂಡ ಬಂದ ಬೀಗರನ್ನ ನಾ ಅಡಗಿ ಮನ್ಯಾಗ ಬಿಟ್ಟಿಲ್ಲ, ನೀ ಕಾರ್ ಹಾಕ್ಕೊಂಡ ಬರ್ತೀಯೇನು?’