ಕಾಚಿಗೂಡದ ಡಾಲ್ಫಿನ್ ಹುಡುಗಿ

ನಮ್ಮ ಅಕ್ಕನ ಮಗಳಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳಲಾರೆ. ಸೋದರಮಾವನಾದವನು ಹಾಗೆಲ್ಲ ಅನ್ನಬಾರದು! ಆದರೆ ಹೈದರಾಬಾದಿನ ಕಾಚಿಗೂಡದಲ್ಲಿ ಹುಟ್ಟಿ, ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡವಳು, "ನಾ ಡಾಲ್ಫಿನ್ ಎಣಸಾಕಿ" ಎಂದು ಹಟ ಹಿಡಿದರೆ ನೀವಾದರೂ ಏನನ್ನುತ್ತೀರಿ?

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ, ಕಾರವಾರದ ಕಡಲಿನಲ್ಲಿ ಡಾಲ್ಫಿನ್ ಗಣತಿಗೆ ವಿದ್ಯಾರ್ಥಿಗಳು ಬೇಕೆಂಬ ಪ್ರಕಟಣೆ ಅವಳ ಕಣ್ಣಿಗೆ ಬಿತ್ತು. ಅರ್ಜಿ ಹಾಕಿದ ದಿನದಿಂದಲೇ ತಾಲೀಮು ಶುರು! ಉಪ್ಪಲ್ ಕಡೆಯ ಕೆರೆಯಲ್ಲಿ ಎಮ್ಮೆಗಳು ಮುಳುಗಿ ಮಲಗಿರುತ್ತವಲ್ಲ, ದಂಡೆಯ ಮೇಲೆ ದುರ್ಬೀನು ಹಿಡಿದು ಕೂತು, ಯಾವ ಬೆನ್ನು ಎಷ್ಟು ಹೊತ್ತಿಗೆ ಮೇಲೆ ಬಂತೆಂದು ಬರೆದುಕೊಳ್ಳುವುದು. ಡಾಲ್ಫಿನ್ನುಗಳನ್ನು ಬೆನ್ನಿನ ಈಜುರೆಕ್ಕೆಯ ಗಾಯಗಳಿಂದ ಗುರುತು ಹಿಡಿಯುತ್ತಾರಂತೆ. ಇವಳು ಎಮ್ಮೆಗಳನ್ನು ಹರಿದ ಕಿವಿಗಳಿಂದ ಗುರುತು ಹಿಡಿದಳು. ಮೂರನೆಯ ದಿನ, ಕೊಳ್ಳುವ ಗಿರಾಕಿ ಇರಬೇಕೆಂದು ಎಮ್ಮೆಗಳ ಯಜಮಾನನೇ ಬಂದ.

"ಖರೀದ್ನಾ ಹೈ ಕ್ಯಾ ಬೇಟಿ?"

"ನಹೀ ಚಾಚಾ, ಸಿರ್ಫ್ ಗಿನ್ನಾ ಹೈ."

ಎಣಿಸುವವರೇ ಸಿಕ್ಕರಲ್ಲ ಎಂದು ಮಂದೆಯನ್ನು ಇವಳಿಗೊಪ್ಪಿಸಿ ಅವನು ಚಹಾ ಕುಡಿಯಲು ಹೋದ!

ಆಯ್ಕೆಯಾಗಿದ್ದೀರಿ ಎಂಬ ಪತ್ರ ಬಂದಾಗ ಅಕ್ಕ ಮಾತ್ರ ಒಪ್ಪಲಿಲ್ಲ.

"ಈಜಾಕ ಬರಂಗಿಲ್ಲ ನಿನಗ. ದೋಣ್ಯಾಗ ಕುಂತು ಏನ್ ಮಾಡಾಕಿ?"

"ನೋಡಾಕಿ, ಅವ್ವಾ."

"ನೀ ನೋಡಿದ್ರ ಅವು ಬದುಕ್ತಾವೇನು?"

"ಎಷ್ಟ್ ಅದಾವ ಅಂತನ ಗೊತ್ತಿಲ್ಲದ ಹೆಂಗ ಉಳಸೂದು?"

ಅಕ್ಕ ಒಳಗೆ ಹೋಗಿ ಸಿಟ್ಟಿನಿಂದ ಶೇಂಗಾ ಹಿಂಡಿ ಕುಟ್ಟತೊಡಗಿದಳು. ಆ ಚಟ್ನಿಪುಡಿ ಡಬ್ಬಿ ತುಂಬಿ ಮಗಳ ಚೀಲ ಸೇರಿದ ಮೇಲೆಯೇ ನಮಗೆ ಗೊತ್ತಾದದ್ದು, ಒಪ್ಪಿಗೆ ಸಿಕ್ಕಿದೆ ಎಂದು!

ಹೋದ ಹದಿನೈದು ದಿನಕ್ಕೆ, ಒಂದು ಮಧ್ಯಾಹ್ನ ಕಾರವಾರದಿಂದ ಫೋನು ಬಂತು. ಅಕ್ಕನಿಗೂ ಕೇಳಲೆಂದು ಸ್ಪೀಕರ್ ಹಾಕಿ, "ಏನವಾ, ಎಷ್ಟ್ ಮೀನ ಆದ್ವು?" ಎಂದು ಕೆಣಕಿದೆ. ಮೀನು ಎಂದರೆ ಸಾಕು, "ಅವು ಮೀನಲ್ಲ ಮಾಮಾ, ಮೊಲಿ ಉಣಸೋ ಜೀವ" ಎಂದು ಉರಿದುಬೀಳುವವಳು ಅಂದು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಮಾಮಾ, ಒಂದು ತಾಯಿ ಐತಿ. ಸತ್ತ ಮರೀನ್ನ ಎರಡು ದಿನದಿಂದ ಮೂತೀಲೆ ಎತ್ತಿ ಎತ್ತಿ ನೀರಿನ ಮ್ಯಾಲೆ ತರಾಕತ್ತೈತಿ. ಉಸರಾಡ್ಲಿ ಅಂತ."

"ಭಾಳ ಸಂಕಟ ಆದ್ರ ಬಂದುಬಿಡವಾ," ಎಂದೆ.

"ಇಲ್ಲ ಮಾಮಾ. ನಾಳೆ ಮತ್ತ ಹೋಗ್ಬೇಕು. ಆಕಿ ಹೆಂಗದಾಳ ನೋಡಿ ಬರೀಬೇಕು."

ಅಕ್ಕ ನನ್ನ ಕೈಯಿಂದ ಫೋನು ಕಸಿದುಕೊಂಡಳು. ಇನ್ನು ಬೈಗುಳ ಶುರು ಎಂದುಕೊಂಡೆ.

"ಆಕಿ ಏನರ ತಿಂದಾಳೇನ ನೋಡವಾ," ಎಂದಳು.